ಮೆರ್ಸಿ ಬರೆದ ಅರ್ಜಿ

ಅತ್ತಿಕೊಪ್ಪ, ಕುಂದೂರು ಹೋಬಳಿ
16-6-2024

ಹೇಮಶ್ರೀ,

ನಿನ್ನ ಮಗಳು ಬಂದು ಸೇರಿದ್ದನ್ನು ನಿನ್ನ ಅಮ್ಮ ಚೌಡಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅವಳು ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತು ಮಾತಾಡುವುದರಿಂದ ಕಾಲೋನಿಗೆಲ್ಲ ಕೇಳಿಸುತ್ತದೆ. ನಾನು ಹೇಳಬೇಕಾದ್ದು ಹಾಗೆ ಕೂಗಿ ಹೇಳುವಂಥದ್ದಲ್ಲ, ಅದಕ್ಕೇ ಕಾಗದ. ಯೋಗಾನಂದ ಇದರ ಫೋಟೊ ತೆಗೆದು ನಿನ್ನ ಫೋನಿಗೆ ಕಳಿಸುತ್ತಾನೆ. ಓದಬೇಡ ಎಂದದ್ದಕ್ಕೆ, "ಓದಕ್ಕೆ ಬಂದಿದ್ರೆ ನಾನ್ಯಾಕ್ ಆಟೋ ಓಡಿಸ್ತಿದ್ದೆ ಟೀಚರ್" ಎಂದ.

ನಮ್ಮ ಹಕ್ಕಿಪಿಕ್ಕಿ ಕಾಲೋನಿಯಿಂದ ಹತ್ತನೇ ತರಗತಿ ಪಾಸಾದ ಮೊದಲ ಹುಡುಗಿ ನೀನು. ನಿನ್ನ ಮಗಳನ್ನು ಈಗ ಒಂದನೇ ತರಗತಿಯಲ್ಲಿ ಕೂರಿಸಿದ್ದಾರೆ.

ಮೊನ್ನೆ ಶಾಲೆಗೆ ಹೋಗಿದ್ದೆ. ನಲಿ-ಕಲಿ ಕೋಣೆಯ ದುಂಡು ಮೇಜಿನ ಸುತ್ತ ಆರು ವರ್ಷದ ಮಕ್ಕಳು, ನಡುವೆ ಹನ್ನೆರಡು ವರ್ಷದ ಮೆರ್ಸಿ. ಮಡಚಿದ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಅವಳ ಜೊತೆ ಆಫ್ರಿಕಾದಿಂದ ಬಂದ ಕಾಲೋನಿಯ ಉಳಿದ ಮಕ್ಕಳದೂ ಅದೇ ಕಥೆ. ಹೆಡ್ ಮಾಸ್ಟರ್ ವಸಂತ ಕೆಟ್ಟವನಲ್ಲ. "ಅ ಆ ಇ ಈ ಬರದೋರನ್ನ ಏಳನೇ ಕ್ಲಾಸಿಗೆ ಹಾಕಿ ನಾನೇನಂತ ಪಾಠ ಮಾಡ್ಲಿ ಟೀಚರ್?" ಎಂದ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಭಾಷೆಗೆ ಬೇರೆ ತರಬೇತಿ ಕೊಡಬೇಕೆಂದು ಕಾನೂನೇ ಇದೆ ಎಂದೆ. ಮೇಲಿನಿಂದ ಬರೆಸಿಕೊಂಡು ಬನ್ನಿ ಎಂದ. ಬರೆಸಿಕೊಂಡು ಬರುತ್ತೇನೆ.

ನೀವೆಲ್ಲ ತಲೆಗೂದಲಿನ ಎಣ್ಣೆ ಹೊತ್ತು ಆಫ್ರಿಕಾಕ್ಕೆ ಹೋಗಿ ಬರುವುದು ನಮ್ಮ ಕಡೆ ಹೊಸದಲ್ಲ. ಹೋದವರು ಫ್ರೆಂಚ್ ಕಲಿತು ಬಂದರು. ಈಗ ಕಾಲೋನಿಯಲ್ಲಿ ಮೇಕೆಯನ್ನೂ ಫ್ರೆಂಚಿನಲ್ಲೇ ಗದರಿಸುತ್ತಾರೆ. ಆದರೆ ಅಲ್ಲೇ ಹುಟ್ಟಿ, ಅಲ್ಲಿನ ಶಾಲೆಗೆ ಹೋದ ಮಕ್ಕಳು ಹೀಗೆ ಒಟ್ಟಿಗೆ ಮರಳಿದ್ದು ಇದೇ ಮೊದಲು. ಮನೆಯಲ್ಲಿ ನಿಮ್ಮ ವಾಗ್ರಿ ಮಾತು, ತಮ್ಮೊಳಗೆ ಫ್ರೆಂಚ್. ಕನ್ನಡ ಕೇಳಿ ಗೊತ್ತು, ಓದಿ ಗೊತ್ತಿಲ್ಲ. ನಾನು ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಬೆಳಿಗ್ಗೆ ಹತ್ತು ಗಂಟೆಯಾದರೆ ಎಲ್ಲಿಗೋ ಹೋಗಬೇಕು ಅನ್ನಿಸುವುದು ಇನ್ನೂ ನಿಂತಿಲ್ಲ. ಸಮುದಾಯ ಭವನದ ಬೀಗದಕೈ ಇಸಿದುಕೊಂಡಿದ್ದೇನೆ.

ಕುಮಾರನ ವಿಷಯ ನಿನ್ನ ಅಮ್ಮ ಎತ್ತಲಿಲ್ಲ. ಅಳಿಯ ಎಂದರೆ ಸಾಕು, ಮಾತು ನಿಲ್ಲಿಸದವಳು.

ನಿನ್ನ ಟೀಚರ್,
ಭದ್ರಮ್ಮ


ಲಿಬ್ರವಿಲ್, ಆಫ್ರಿಕಾ
4-8-2024

ಟೀಚರ್,

ಎಷ್ಟೋ ವರ್ಷದ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿ ಹಾಕಬೇಡಿ.

ಇಲ್ಲಿ ಈಗ ಮಳೆಯಿಲ್ಲದ ಕಾಲ. ಆದರೂ ಆಕಾಶ ಮುಚ್ಚಿಕೊಂಡೇ ಇರುತ್ತದೆ, ಬಿಸಿಲೂ ಇಲ್ಲ. ನಮ್ಮ ಅಂಗಡಿ ದೊಡ್ಡ ಮಾರ್ಕೆಟ್ಟಿನ ಹಿಂದಿನ ಸಾಲಿನಲ್ಲಿ, ಒಂದು ಕಡೆ ಒಣಮೀನು, ಇನ್ನೊಂದು ಕಡೆ ಜಡೆ ಹೆಣೆಯುವವರು. ಜಡೆ ಹೆಣೆಸಿಕೊಳ್ಳಲು ಬಂದವರೇ ನಮ್ಮ ಗಿರಾಕಿ. ಅವರ ಜೊತೆ ಮಾತಾಡುವಷ್ಟು ಫ್ರೆಂಚ್ ನನಗೆ ಬರುತ್ತದೆ. ಬರೆಯಲು ಬರುವುದಿಲ್ಲ. ಮನೆಯಲ್ಲಿ ಬರೆಯುತ್ತಿದ್ದವಳು ಮೆರ್ಸಿ ಒಬ್ಬಳೇ.

ಅವಳ ಹೆಸರು ಕೇಳಿ ಶಾಲೆಯಲ್ಲಿ ಕ್ರಿಶ್ಚಿಯನ್ನಾ ಅಂತ ಕೇಳಿದರಂತೆ. ಅಲ್ಲ ಅಂತ ಹೇಳಿ. ಇಲ್ಲಿನ ಮಾತಿನಲ್ಲಿ ಮೆರ್ಸಿ ಅಂದರೆ ಉಪಕಾರ ಆಯಿತು ಅಂತ. ಕುಮಾರ್ ಇಲ್ಲಿಗೆ ಬಂದು ಮೊದಲು ಕಲಿತ ಮಾತು ಅದು. ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಎಲ್ಲರಿಗೂ ಅದನ್ನೇ ಹೇಳುತ್ತಾ ಓಡಾಡಿದರು, ಹಾಗೇ ಹೆಸರಾಯಿತು. ನಮ್ಮವರಲ್ಲಿ ಹೀಗೆ ಹೆಸರಿಡುವುದು ನಿಮಗೆ ಗೊತ್ತಲ್ಲ.

ಕುಮಾರ್ ಒಳನಾಡಿಗೆ ಹೋಗಿದ್ದಾರೆ. ಅಲ್ಲಿ ಫೋನ್ ಸಿಗುವುದಿಲ್ಲ.

ಅವಳ ಓದು ಇಲ್ಲಿ ಚೆನ್ನಾಗಿತ್ತು. ಆದರೂ ಕಳಿಸಿದೆ. ಅವಳು ಶಾಲೆ ಬಿಡದ ಹಾಗೆ ನೋಡಿಕೊಳ್ಳಿ.

ಹೇಮಶ್ರೀ


ಅತ್ತಿಕೊಪ್ಪ
22-9-2024

ಹೇಮಶ್ರೀ,

ನಿನ್ನ ಒತ್ತಕ್ಷರ ಸರಿಯಾಗಿಯೇ ಇವೆ.

ಆದೇಶ ಬಂತು. ಆಲೂರಿನ ಕಚೇರಿಗೆ ಎಷ್ಟು ಸಲ ಹೋದೆನೆಂದು ಬರೆಯುವುದಿಲ್ಲ. ಕಡೆಕಡೆಗೆ ಅಲ್ಲಿನ ಜವಾನ ನನಗಾಗಿ ಕುರ್ಚಿ ಹಾಕಿಡುತ್ತಿದ್ದ. ಮೆರ್ಸಿ ಈಗ ಏಳನೇ ತರಗತಿ. ಉಳಿದವರೂ ಅವರವರ ವಯಸ್ಸಿನ ತರಗತಿಗಳಲ್ಲಿದ್ದಾರೆ. ಶಾಲೆ ಬಿಟ್ಟ ಮೇಲೆ ಸಮುದಾಯ ಭವನದಲ್ಲಿ ನಾನು ಕನ್ನಡ ಹೇಳಿಕೊಡುತ್ತೇನೆ. ಮೆರ್ಸಿ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಬರೆಯಲು ನೋಡುತ್ತಾಳೆ. ಅಲ್ಲಿ ಕಲಿತ ರೂಢಿ. ಕನ್ನಡದಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ ಎಂದೆ. "ಯಾಕೆ?" ಎಂದಳು. ಪಾಠ ಮಾಡಿದ ಮೂವತ್ತೈದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

ಪತ್ರಿಕೆಯವರು ಬಂದು ಬರೆದುಕೊಂಡು ಹೋದರು. ಅದರ ಫೋಟೊವನ್ನೂ ಯೋಗಾನಂದ ಇದರ ಜೊತೆ ಕಳಿಸುತ್ತಾನೆ. ಆದೇಶ ಇಷ್ಟು ಬೇಗ ಬಂದದ್ದು ಆ ಸುದ್ದಿಯಿಂದಲೇ.

ಊರಿನ ಕೆಲವರು ತಮ್ಮ ಮಕ್ಕಳನ್ನು ಬಿಡಿಸಿ ಬಾಳ್ಳುಪೇಟೆಯ ಕಾನ್ವೆಂಟಿಗೆ ಹಾಕಿದರು. ನನ್ನ ತಮ್ಮ ಲಕ್ಕಪ್ಪ ಈಗ ಪಂಚಾಯ್ತಿ ಅಧ್ಯಕ್ಷ. ಅವರೆಲ್ಲ ಅವನ ಜಗಲಿಯಲ್ಲಿ ಕೂತು ಹೋದರು. ನಮ್ಮದು ಒಂದೇ ಮನೆ, ಎರಡು ಒಲೆ. ನಡುಗೋಡೆಯಾಚೆ ಆಡುವ ಮಾತೆಲ್ಲ ಕೇಳುತ್ತದೆ. ಅವರು ಹೋದ ಮೇಲೆ ನನ್ನ ಬಾಗಿಲಿಗೆ ಬಂದ.

"ಅಕ್ಕ, ನಿಂಗೆ ಪೆನ್ಷನ್ ಬತ್ತದೆ, ಸುಮ್ನೆ ಇದ್ಬುಡು. ನಂಗೆ ಇಡೀ ಊರು ಬೇಕು ಕಣಕ್ಕ."

"ಕಾಲೋನಿ ಊರಲ್ವೇನೋ?"

"ಕಾಲೋನಿ ಕಾಲೋನಿನೇ. ಇವತ್ತು ಇಲ್ಲಿರ್ತಾರೆ, ನಾಳೆ ವಿಮಾನ ಹತ್ತಿ ಹೋಗ್ಬುಡ್ತಾರೆ. ಅವ್ರಿಗೋಸ್ಕರ ನಮ್ಮ ಮಕ್ಳು ಹಿಂದೆ ಬೀಳ್ಬೇಕಾ?"

ಅವನಿಗೆ ಮತ ಹಾಕುವವರ ಲೆಕ್ಕ ಅವನದು. ನಾನು ಪಾತ್ರೆ ತೊಳೆಯುವುದನ್ನು ಮುಂದುವರಿಸಿದೆ.

ಒಳನಾಡಿನಿಂದ ಕುಮಾರ ಬಂದನೆ?

ಭದ್ರಮ್ಮ


ಲಿಬ್ರವಿಲ್
13-10-2024

ಟೀಚರ್,

ಪೇಪರ್ ಓದಿದೆ. 'ಭಾಷೆಯೇ ಇಲ್ಲದ ಮಕ್ಕಳು' ಅಂತ ದಪ್ಪ ಅಕ್ಷರದಲ್ಲಿದೆ. ಕೆಳಗೆ ಮೆರ್ಸಿ ಫೋಟೊ. ಒಳಗೆ ನಿಮ್ಮ ಮಾತು ಅಂತ ಬರೆದಿದ್ದಾರೆ, ಈ ಮಕ್ಕಳು ಯಾವ ಭಾಷೆಗೂ ಸೇರದೆ ಅನಾಥರಾಗಿದ್ದಾರೆ ಅಂತ.

ನನ್ನ ಮಗಳು ನಿದ್ದೆಯಲ್ಲಿ ಮಾತಾಡುವುದು ಫ್ರೆಂಚಿನಲ್ಲಿ. ಜ್ವರ ಬಂದರೆ ವಾಗ್ರಿಯಲ್ಲಿ. ಅಜ್ಜಿಗೆ ಸುಳ್ಳು ಹೇಳುವಷ್ಟು ಕನ್ನಡವನ್ನೂ ಆಗಲೇ ಕಲಿತಿದ್ದಾಳಂತೆ. ಅವಳಿಗೆ ಭಾಷೆ ಇಲ್ಲ ಅಂತ ಹೇಳಿದರೆ ಅಧಿಕಾರಿಗಳು ಬೇಗ ಸಹಿ ಮಾಡುತ್ತಾರೆ ಅಂತ ನಿಮಗೆ ಗೊತ್ತು. ಅದು ನನಗೂ ಗೊತ್ತು. ನಮ್ಮ ಪರವಾಗಿ ಮಾತಾಡಲು ಬಂದವರೆಲ್ಲ ಮೊದಲು ನಮ್ಮ ಹತ್ತಿರ ಏನಿಲ್ಲ ಅಂತ ಹೇಳುತ್ತಾರೆ. ನೀವೂ ಹಾಗೆ ಹೇಳುತ್ತೀರಿ ಅಂದುಕೊಂಡಿರಲಿಲ್ಲ.

ಇಷ್ಟು ಬರೆದು ಮಡಚಿಟ್ಟಿದ್ದೆ. ಮತ್ತೆ ಬಿಚ್ಚಿದ್ದೇನೆ.

ಕುಮಾರ್ ಒಳನಾಡಿಗೆ ಹೋಗಿಲ್ಲ. ಜೈಲಿನಲ್ಲಿದ್ದಾರೆ. ಅವರ ವೀಸಾ ಮುಗಿದಿತ್ತು. ನನ್ನದು ಸರಿ ಇತ್ತು, ಅವರದು ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟಿದ್ದೆವು. ಮೇ ತಿಂಗಳಲ್ಲಿ ಪೊಲೀಸರು ಮಾರ್ಕೆಟ್ಟಿಗೆ ಬಂದರು. ಪೊಲೀಸರದು ತಪ್ಪಲ್ಲ, ಕಾಗದ ಕೇಳಿದರು, ಇರಲಿಲ್ಲ. ಮೆರ್ಸಿ ಆಗ ಶಾಲೆಯಲ್ಲಿದ್ದಳು. ಅವಳಿಗೆ ಗೊತ್ತಾಗುವ ಮೊದಲೇ ಊರಿಗೆ ಕಳಿಸಿಬಿಟ್ಟೆ. ಅಮ್ಮನಿಗೆ ಗೊತ್ತು. ಮೆರ್ಸಿಗೆ ಮಾತ್ರ ಹೇಳಬೇಡಿ. ಅಪ್ಪ ಅಂದರೆ ಅವಳಿಗೆ ಎಲ್ಲರಿಗಿಂತ ಬೇರೆ.

ಇಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಯವರು ಒಬ್ಬ ವಕೀಲರನ್ನು ತೋರಿಸಿದ್ದಾರೆ. ಊರಿನಿಂದ ಒಂದು ಅರ್ಜಿ ಬಂದರೆ ಅವರನ್ನು ಜೈಲಿನಿಂದ ಬಿಟ್ಟು ಊರಿಗೆ ಕಳಿಸುವುದು ಸುಲಭ ಅಂದರು, ಈ ಮನುಷ್ಯನಿಗೆ ಒಂದು ಊರಿದೆ, ಮನೆಯಿದೆ, ಬಂದರೆ ಸೇರಿಸಿಕೊಳ್ಳುತ್ತಾರೆ ಅಂತ. ನೀವು ಬರೆಯುತ್ತೀರಾ?

ಮೇಲಿನದ್ದನ್ನೆಲ್ಲ ಬರೆದು ಕೆಳಗೆ ಸಹಾಯ ಕೇಳುವುದು ಸರಿಯಲ್ಲ. ಆದರೂ ಮೇಲಿನದ್ದನ್ನು ಹರಿದು ಹಾಕುವುದಿಲ್ಲ.

ಹೇಮಶ್ರೀ


ಅತ್ತಿಕೊಪ್ಪ
10-11-2024

ಹೇಮಶ್ರೀ,

ಹರಿದು ಹಾಕದಿದ್ದುದು ಒಳ್ಳೆಯದಾಯಿತು.

ಪತ್ರಿಕೆಯ ಆ ಸುದ್ದಿಯನ್ನು ನಿನ್ನ ಅಮ್ಮನಿಗೆ ನಾನೇ ಓದಿ ಹೇಳಿದೆ. ಚೌಡಮ್ಮ ಬೆರಳು ಮಡಚತೊಡಗಿದಳು. "ವಾಗ್ರಿ, ಕನ್ನಡ, ತೆಲುಗು, ತಮಿಳು, ಹಿಂದಿ, ಆಮ್ಯಾಕೆ ಆ ಪ್ರೆಂಚು. ಟೀಚರಮ್ಮ, ನಿಮ್ಗೆಷ್ಟು ಬತ್ತವೆ?" ಎರಡು ಎಂದೆ. "ಪಾಪ" ಎಂದಳು. ನಗಲಿಲ್ಲ.

ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಪಂಚಾಯ್ತಿಯಿಂದ ಒಂದು ದೃಢೀಕರಣ ಸೇರಿಸಬೇಕೆಂದು ಲಕ್ಕಪ್ಪನ ಹತ್ತಿರ ಹೋದೆ. "ಜೈಲ್ನಾಗಿರೋನಿಗೆ ನಾನ್ ಸೈನ್ ಹಾಕ್ಬೇಕಾ? ನಾಳೆ ಅದು ನನ್ ತಲೆಗೇ ಬತ್ತದೆ" ಎಂದ. ಕಾಫಿ ಕೊಯ್ಲು ಶುರುವಾಗಿದೆ, ಆಳುಗಳಿಲ್ಲ, ಅವನ ತಲೆ ಬಿಸಿಯಾಗಿತ್ತು. ಸದ್ಯಕ್ಕೆ ನನ್ನ ಸಹಿಯಲ್ಲೇ ಕಳಿಸುತ್ತಿದ್ದೇನೆ.

ಮೆರ್ಸಿಗೆ ಹೇಳಿಲ್ಲ. ಅವಳು ಕೇಳುವುದೂ ಇಲ್ಲ. ಕೇಳದೇ ಇರುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

ಭದ್ರಮ್ಮ


ಲಿಬ್ರವಿಲ್
8-12-2024

ಟೀಚರ್,

ನಿಮ್ಮ ಅರ್ಜಿ ಓದುವವರು ಇಲ್ಲಿ ಸಿಗಲಿಲ್ಲ. ನ್ಯಾಯಾಲಯದಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ನಾನು ಫೋನಿನಲ್ಲಿ ಹಾಕಿ ಫ್ರೆಂಚ್ ಮಾಡಿಸಿದೆ. ವಕೀಲರು ಓದಿ ಕೇಳಿದರು, ನಿನ್ನ ಗಂಡ ಹಕ್ಕಿ ಕದಿಯುತ್ತಿದ್ದನಾ ಅಂತ. ಹಕ್ಕಿ ಹಿಡಿಯುವವರು ಅಂತ ನೀವು ಅರ್ಥ ಬರೆದಿದ್ದ ನಮ್ಮ ಜಾತಿಯ ಹೆಸರನ್ನು ಫೋನು ಹಾಗೆ ಮಾಡಿತ್ತು. ಕಾಲೋನಿ ಅನ್ನುವುದಕ್ಕೂ ಇಲ್ಲಿ ಬೇರೆ ಅರ್ಥ, ಬಿಳಿಯರು ಬಂದು ಆಳಿದ್ದು ಅದು. ನೀವು ಯಾರನ್ನು ಆಳುತ್ತಿದ್ದಿರಿ ಅಂತ ಕೇಳಿ ಅವರೇ ನಕ್ಕರು. ನನಗೂ ನಗು ಬಂತು. ಹೊರಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ.

ಫ್ರೆಂಚ್ ಗೊತ್ತಿರುವ ಮನುಷ್ಯರೇ ಬರೆಯಬೇಕು. ಮನೆಯವರು ಬರೆದರೆ ಇನ್ನೂ ಒಳ್ಳೆಯದು, ಊರಿನ ಮುಖ್ಯಸ್ಥರ ಸಹಿಯೂ ಬೇಕು ಅಂದರು. ಫೆಬ್ರವರಿ ಕೊನೆಗೆ ವಿಚಾರಣೆ ಇದೆ. ಅದು ತಪ್ಪಿದರೆ ಮುಂದಿನದು ಯಾವಾಗ ಅಂತ ಅವರಿಗೂ ಗೊತ್ತಿಲ್ಲ.

ಕುಮಾರ್ ಬಹಳ ಸಣ್ಣ ಆಗಿದ್ದಾರೆ. ನಾನು ನೋಡಲು ಹೋದಾಗ ಮಗಳ ಎತ್ತರ ಕೇಳುತ್ತಾರೆ. ಕೈ ಇಟ್ಟು ತೋರಿಸುತ್ತೇನೆ.

ಬೇರೆ ಯಾರಾದರೂ ಸಿಗುತ್ತಾರಾ ನೋಡಿ. ಮೆರ್ಸಿ ಬೇಡ.

ಹೇಮಶ್ರೀ


ಅತ್ತಿಕೊಪ್ಪ
19-1-2025

ಹೇಮಶ್ರೀ,

ಇದು ಉದ್ದವಾಗುತ್ತದೆ. ಕೂತು ಓದು.

ಬೇರೆಯವರನ್ನು ಹುಡುಕಿದೆ. ಸಕಲೇಶಪುರದಲ್ಲಿ ನನ್ನ ಹಳೆಯ ಸಹೋದ್ಯೋಗಿ ಫಹಮೀದಾ ಇದ್ದಾಳೆ, ಅವಳ ಮೂಲಕ ಮೈಸೂರಿನ ಒಬ್ಬ ಫ್ರೆಂಚ್ ಉಪನ್ಯಾಸಕರು ಸಿಕ್ಕಿದರು. ಪರೀಕ್ಷೆಗಳು ಮುಗಿಯಲಿ, ಏಪ್ರಿಲ್‌ನಲ್ಲಿ ಬರೆದುಕೊಡುತ್ತೇನೆ ಎಂದರು. ಕಾಲೋನಿಯಲ್ಲಿ ಮನೆಮನೆಗೆ ಹೋಗಿ ಕೇಳಿದೆ. ಫ್ರೆಂಚ್ ಮಾತಾಡುವವರು ಎಲ್ಲ ಮನೆಯಲ್ಲೂ ಇದ್ದಾರೆ, ಬರೆಯಬಲ್ಲವರು ಮಕ್ಕಳು ಮಾತ್ರ. ಮಕ್ಕಳಲ್ಲಿ ದೊಡ್ಡವಳು ಮೆರ್ಸಿ. ಬೇರೆ ಮಗುವಿನಿಂದ ಬರೆಸಿದ್ದರೆ ಅದೇ ಸಂಜೆ ಅವಳಿಗೆ ಗೊತ್ತಾಗುತ್ತಿತ್ತು, ಅದೂ ಇನ್ನೊಬ್ಬರ ಬಾಯಿಂದ. ಚೌಡಮ್ಮನನ್ನು ಕೇಳಿದೆ. "ನೀವೇ ಹೇಳಿ, ನನ್ ಕೈಲಾಗಲ್ಲ" ಎಂದಳು.

ಹೇಳಿದೆ. ಬೇಡವೆಂದು ನೀನು ಬರೆದದ್ದು ನನ್ನ ಮುಂದೆಯೇ ಇತ್ತು.

ಪಾಠ ಮುಗಿದ ಮೇಲೆ ಅವಳೊಬ್ಬಳನ್ನೇ ಉಳಿಸಿಕೊಂಡೆ. ಎಲ್ಲವನ್ನೂ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದೆ. ಅವಳು ಕಿಟಕಿ ನೋಡುತ್ತಾ ಕೇಳಿದಳು.

"ನಾನು ಬರೋಕೆ ಮುಂಚೆನಾ?"

"ಹೌದು."

"ಏರ್‌ಪೋರ್ಟಿಗೆ ಅಪ್ಪ ಬರ್ಲಿಲ್ಲ. ಕೆಲಸ ಐತೆ ಅಂದ್ರು ಅಮ್ಮ. ನಾನು ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ಇಷ್ಟು ದಿನಾನೂ."

ಅಳಲಿಲ್ಲ. ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು. ಅಲ್ಲಿಂದ ತಂದ ಪುಸ್ತಕದ ಹಾಳೆಗಳು ಅವಳ ಚೀಲದಲ್ಲಿದ್ದವು. ಒಂದೊಂದು ಸಾಲಿನ ನಡುವೆ ಮತ್ತೆ ಸಣ್ಣ ಗೆರೆಗಳಿರುವ ಕಾಗದ, ನಮ್ಮಲ್ಲಿ ಸಿಗುವುದಿಲ್ಲ. ಅದನ್ನೇ ತೆಗೆದು ನನ್ನತ್ತ ನೋಡಿದಳು. ನಾನು ಹೇಳತೊಡಗಿದೆ. ಈ ಬಡ ಕುಟುಂಬವು ದುಡಿಯುವ ಏಕೈಕ ವ್ಯಕ್ತಿಯನ್ನು ಕಳೆದುಕೊಂಡು ಎಂದು ಶುರು ಮಾಡಿದ್ದೆ.

"ಅದು ಬೇಡ ಟೀಚರ್."

"ಯಾಕಮ್ಮ? ಅರ್ಜಿ ಅಂದರೆ ಹಾಗೇ ಬರೆಯೋದು."

"ಅಮ್ಮ ದುಡೀತಾರಲ್ಲ."

ಆಮೇಲೆ ನಾನು ಹೇಳಿದ್ದನ್ನು ಅವಳು ಬರೆದಳೋ ಇಲ್ಲವೋ ತಿಳಿಯದು. ನಾನು ನಿಲ್ಲಿಸಿದ ಮೇಲೂ ಬಹಳ ಹೊತ್ತು ಬರೆಯುತ್ತಲೇ ಇದ್ದಳು. ಮುಗಿಸಿ ನನಗೆ ಓದಿ ತೋರಿಸಿದಳು, ಫ್ರೆಂಚಿನಲ್ಲಿ. ನಾನು ತಲೆಯಾಡಿಸಿದೆ. ಅರ್ಥವಾಗದೆ ತಲೆಯಾಡಿಸಿದ ಮಕ್ಕಳನ್ನು ಎಷ್ಟೋ ವರ್ಷ ಬಯ್ದವಳು ನಾನು. ಕನ್ನಡದಲ್ಲಿ ಹೇಳು ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಾನು ಓದದ ಅರ್ಜಿಯನ್ನು ಕಳಿಸುತ್ತಿರುವುದು ಇದೇ ಮೊದಲ ಸಲ.

ಇನ್ನು ಲಕ್ಕಪ್ಪನ ಸಹಿ. ನಾನು ಮತ್ತೊಂದು ಸಲ ಕೇಳಿ ಬೈಸಿಕೊಂಡಿದ್ದೆ. ಮೊನ್ನೆ ಭಾನುವಾರ ಅವನು ಕಣದಲ್ಲಿ ಕಾಫಿ ಹರವುತ್ತಿದ್ದ. ಮೆರ್ಸಿ ಕಾಗದ ಹಿಡಿದು ಕಣದ ಅಂಚಿಗೆ ಬಂದು ನಿಂತಳು. ನಾನು ಕಳಿಸಿದ್ದಲ್ಲ; ಅಡುಗೆಮನೆ ಕಿಟಕಿಯಿಂದ ಕಂಡೆ.

"ಏನಮ್ಮಿ?" ಎಂದ.

"ಸೈನ್ ಬೇಕು ಸಾರ್. ಅಪ್ಪಂದು."

"ನಿಮ್ಮಪ್ಪ ಯಾವೂರೋನು?"

"ಅತ್ತಿಕೊಪ್ಪ."

"ಅತ್ತಿಕೊಪ್ಪ ಅಲ್ಲ. ಕಾಲೋನಿ ಅನ್ನು."

"ಲಿಬ್ರವಿಲ್‌ನಾಗೆ ಎಲ್ರೂ ಕೇಳ್ತಾರೆ ಸಾರ್, ಯಾವೂರು ಅಂತ. ಅಪ್ಪ ಅತ್ತಿಕೊಪ್ಪ ಅಂತಾನೇ ಹೇಳೋದು."

"ಅತ್ತಿಕೊಪ್ಪ ಅಂದ್ರೆ ಅಲ್ಲಿ ಯಾವನಿಗ್ ಗೊತ್ತಾಗ್ತದೆ?"

"ಯಾರ್ಗೂ ಗೊತ್ತಾಗಲ್ಲ ಸಾರ್. ಆದ್ರೂ ಹೇಳ್ತಾರೆ."

ಲಕ್ಕಪ್ಪ ಮತ್ತೆ ಹಲಗೆಯಿಂದ ಕಾಫಿ ಎಳೆಯತೊಡಗಿದ. ಒಂದು ಸಾಲು ಮುಗಿಸಿದ. ಆಮೇಲೆ ಹಲಗೆ ಕೆಳಗಿಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡು, "ಪೆನ್ ಐತಾ?" ಎಂದ. ಮಾರನೆಯ ದಿನ ಪಂಚಾಯ್ತಿಯ ಮೊಹರನ್ನೂ ಹಾಕಿಸಿ ಕೊಟ್ಟ.

ಅರ್ಜಿಯ ಫೋಟೊ ಇದರ ಜೊತೆಗಿದೆ. ಮೂಲ ಪ್ರತಿಯನ್ನು ಮುಂದಿನ ವಾರ ಅಲ್ಲಿಗೆ ಹೊರಟಿರುವ ಚೌಡಮ್ಮನ ತಂಗಿಯ ಮಗ ತರುತ್ತಾನೆ.

ಸಿಟ್ಟು ಬಂದರೆ ಬರೆ. ಬರೆಯದೇ ಇರಬೇಡ.

ಭದ್ರಮ್ಮ


ಲಿಬ್ರವಿಲ್
2-3-2025

ಟೀಚರ್,

ನೀವು ಮೆರ್ಸಿಗೆ ಹೇಳಿದ್ದರ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ವಿಚಾರಣೆ ಮುಗಿಯಿತು. ಕುಮಾರ್ ಅವರನ್ನು ಈ ತಿಂಗಳು ದೇಶದಿಂದ ಕಳಿಸುತ್ತಾರೆ. ಮತ್ತೆ ಇಲ್ಲಿಗೆ ಬರುವ ಹಾಗಿಲ್ಲ. ಅರ್ಜಿಯಿಂದಲೇ ಆಯಿತು ಅಂತ ವಕೀಲರು ಹೇಳಲಿಲ್ಲ. ಇವತ್ತಲ್ಲ ನಾಳೆ ಇದೇ ಆಗುತ್ತಿತ್ತು, ನಾಳೆ ಅನ್ನುವುದು ಇನ್ನೊಂದು ವರ್ಷ ಆಗುತ್ತಿತ್ತು ಅಂದರು.

ಅರ್ಜಿಯನ್ನು ವಕೀಲರು ನ್ಯಾಯಾಲಯದಲ್ಲಿ ಎದ್ದು ನಿಂತು ಓದಿದರು. ನೀವು ಅದರಲ್ಲಿ ಏನಿದೆ ಅಂತ ಕೇಳಲಿಲ್ಲವಂತೆ, ಮೆರ್ಸಿ ಹೇಳಿದಳು. ನಾನು ಹೇಳುತ್ತೇನೆ. ನೆನಪಿರುವಷ್ಟು ಕನ್ನಡದಲ್ಲಿ ಹಾಕಿದ್ದೇನೆ.

ನನ್ನ ಅಪ್ಪನ ಹತ್ತಿರ ಕಾಗದ ಇರಲಿಲ್ಲ ಎನ್ನುವುದು ನಿಜ. ಅಪ್ಪ ಹಗಲಿನಲ್ಲಿ ಯಾರಿಗೂ ಕೆಟ್ಟದ್ದು ಮಾಡಿಲ್ಲ ಎಂದು ನಾನು ಹೇಳಲಾರೆ, ಹಗಲು ನಾನು ಶಾಲೆಯಲ್ಲಿರುತ್ತಿದ್ದೆ. ಸಂಜೆ ಮನೆಯಲ್ಲಿ ಯಾರಿಗೂ ಮಾಡಿಲ್ಲ. ಬರೆಯುವುದನ್ನು ನಾನು ನಿಮ್ಮ ದೇಶದ ಶಾಲೆಯಲ್ಲಿ ಕಲಿತೆ, ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ. ಅಪ್ಪನಿಗೆ ಅತ್ತಿಕೊಪ್ಪದಲ್ಲಿ ಮನೆ ಇದೆ. ಅಜ್ಜಿ ಇದ್ದಾಳೆ, ನಾನಿದ್ದೇನೆ. ಅವರನ್ನು ಕಳಿಸಿ. ಈಗ ಆಗದಿದ್ದರೆ ಎಷ್ಟು ದಿನ ಎಂದು ಹೇಳಿ. ಎಷ್ಟು ದಿನ ಎಂದು ಗೊತ್ತಿದ್ದರೆ ಕಾಯಬಹುದು.

ಇಷ್ಟೇ ಟೀಚರ್. ನ್ಯಾಯಾಧೀಶರು ಹೆಂಗಸು. ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು. ಯಾವ ಶಾಲೆ ಅಂತ ನನ್ನನ್ನು ಕೇಳಿದರು. ಹೇಳಿದೆ. ಪಕ್ಕಕ್ಕಿಟ್ಟು ಮುಂದಿನ ಕೇಸ್ ಕರೆದರು.

ಇನ್ನೊಂದು ವಿಷಯ. ನಾನು ಬರುವುದಿಲ್ಲ.

ಕುಮಾರ್ ಅವರಿಗೆ ಹೇಳಿದ್ದೇನೆ. ಅಂಗಡಿ ಈಗ ನನ್ನ ಹೆಸರಿನಲ್ಲಿದೆ. ಇಲ್ಲಿ ನನ್ನನ್ನು ಮದಾಮ್ ಅನ್ನುತ್ತಾರೆ ಟೀಚರ್. ಎಣ್ಣೆ ತೆಗೆದುಕೊಳ್ಳದೆ ಹೋಗುವವರೂ ಅನ್ನುತ್ತಾರೆ. ಊರಲ್ಲಿ ಹತ್ತನೇ ತರಗತಿ ಪಾಸಾದ ಮೇಲೂ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ನಿಮಗೆ ನೆನಪಿದೆಯೋ ಇಲ್ಲವೋ. ನೀವು ಬಂದು ಕೂರುತ್ತಿದ್ದಿರಿ. ಇಡೀ ಬಸ್ಸಿನಲ್ಲಿ ನೀವೊಬ್ಬರೇ. ವರ್ಷಕ್ಕೊಂದು ಸಲ ಬಂದು ಹೋಗುತ್ತೇನೆ. ಮೆರ್ಸಿ ಅಲ್ಲಿ ಓದುತ್ತಾಳೋ, ಇಲ್ಲಿಗೆ ಬರುತ್ತಾಳೋ ಅವಳೇ ಹೇಳಲಿ.

ಇದನ್ನು ಅವಳಿಗೆ ನಾನೇ ಹೇಳುತ್ತೇನೆ. ಈ ಸಲ ನೀವು ಹೇಳಬೇಡಿ.

ಹೇಮಶ್ರೀ


ಅತ್ತಿಕೊಪ್ಪ
13-4-2025

ಹೇಮಶ್ರೀ,

ಹೇಳಲಿಲ್ಲ.

ಕುಮಾರ ಬೆಂಗಳೂರಿನ ಬಸ್ಸಿನಲ್ಲಿ ಬಾಳ್ಳುಪೇಟೆಗೆ ಬಂದಿಳಿದ. ಯೋಗಾನಂದನ ಆಟೋದಲ್ಲಿ ಚೌಡಮ್ಮ, ಮೆರ್ಸಿ, ನಾನು ಹೋಗಿದ್ದೆವು. ಹೈವೇಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ರಸ್ತೆ ದಾಟಿ ಬಂದವನನ್ನು ಮೊದಲು ನಾನು ಗುರುತಿಸಲಿಲ್ಲ. ಅಪ್ಪನೂ ಮಗಳೂ ಎದುರು ಬದುರು ನಿಂತು ಕೈಕುಲುಕಿದರು, ಅಲ್ಲಿನ ಪದ್ಧತಿಯಿರಬೇಕು. ಚೌಡಮ್ಮ ಇಬ್ಬರನ್ನೂ ವಾಗ್ರಿಯಲ್ಲಿ ಬಯ್ದಳು. ಆಮೇಲೆ ಮೆರ್ಸಿ ಅವನ ಅಂಗಿ ಹಿಡಿದುಕೊಂಡವಳು ಕಾಲೋನಿ ಮುಟ್ಟುವವರೆಗೆ ಬಿಡಲಿಲ್ಲ. ದಾರಿಯುದ್ದಕ್ಕೂ ಯೋಗಾನಂದ ಮಾತ್ರ ಟೊಮೇಟೊ ರೇಟಿನ ವಿಷಯ ಹೇಳುತ್ತಾ ಬಂದ.

ಮೆರ್ಸಿ ಏಳನೇ ತರಗತಿ ಪಾಸಾಗಿದ್ದಾಳೆ. ಕನ್ನಡದಲ್ಲಿ ಅಂಕ ಕಡಿಮೆ, ಗಣಿತದಲ್ಲಿ ಶಾಲೆಗೇ ಮೊದಲು. ಕಾನ್ವೆಂಟಿಗೆ ಹೋದ ಊರ ಮಕ್ಕಳಲ್ಲಿ ಇಬ್ಬರು ಹಿಂದಿರುಗಿದ್ದಾರೆ, ಉಳಿದವರು ಬಂದಿಲ್ಲ. ಲಕ್ಕಪ್ಪ ಈಗಲೂ ಕಾಲೋನಿಯನ್ನು ಕಾಲೋನಿ ಎಂದೇ ಕರೆಯುತ್ತಾನೆ. ಬಸ್ಸಿನ ವಿಷಯ ನೀನು ಬರೆದಿದ್ದೆ. ನನಗೆ ಸೀಟು ಬೇಕಾಗಿತ್ತು, ಖಾಲಿ ಇತ್ತು, ಕೂತೆ. ಅದಕ್ಕಿಂತ ಹೆಚ್ಚಿನದೇನನ್ನೂ ಅದರಲ್ಲಿ ಕಾಣಬೇಡ.

ನೀನೇ ಹೇಳುತ್ತೇನೆಂದದ್ದನ್ನು ಹೇಳಲು ಮೊನ್ನೆ ಮಧ್ಯಾಹ್ನ ಫೋನ್ ಮಾಡಿದಾಗ ಮೆರ್ಸಿ ನಮ್ಮ ಮನೆಯಲ್ಲಿದ್ದಳು. ಇಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು ಕುಮಾರನೇ ಕರೆದುಕೊಂಡು ಬಂದಿದ್ದ. ನಿನ್ನ ಮುಖ ಪರದೆಯ ಮೇಲೆ ಕಂಡ ಕೂಡಲೇ ನಾನು ಎದ್ದು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಅಂಗಳದಲ್ಲಿ ಲಕ್ಕಪ್ಪನ ಮೆಣಸು ಒಣಗುತ್ತಿತ್ತು. ಮೋಡ ಕವಿದು ದೊಡ್ಡ ಹನಿ ಬೀಳತೊಡಗಿತು. ಲಕ್ಕಪ್ಪ ಟಾರ್ಪಾಲಿನ ಒಂದು ತುದಿ ಹಿಡಿದು, "ಏ ಮಾರಾಯ, ಆ ಕಡೆ ಹಿಡ್ಕೊ" ಎಂದು ಕೂಗಿದ. ಕುಮಾರ ಓಡಿಹೋಗಿ ಹಿಡಿದ. ಇಬ್ಬರೂ ಮೆಣಸನ್ನು ಜಗಲಿಗೆ ಎಳೆದು ತಂದರು. ಲಕ್ಕಪ್ಪ ಅವನಿಗೊಂದು ಬೀಡಿ ಕೊಟ್ಟು ಒಳಗೆ ಹೋದ.

ಕುಮಾರ ಮೆಟ್ಟಿಲ ಮೇಲೆ ಕೂತ. ನಾನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಒಳಗೆ ನಿಮ್ಮಿಬ್ಬರ ಮಾತು ಕೇಳಿಸುತ್ತಿತ್ತು, ಸ್ವಲ್ಪ ವಾಗ್ರಿ, ಸ್ವಲ್ಪ ಫ್ರೆಂಚ್. ಮೆರ್ಸಿಯ ದನಿ ಒಮ್ಮೆ ಜೋರಾಯಿತು. ಆಮೇಲೆ ಬಹಳ ಹೊತ್ತು ನಿನ್ನ ದನಿಯೊಂದೇ. ಮತ್ತೆ ಮೆರ್ಸಿ ಮಾತಾಡಿದಳು, ನಿಧಾನವಾಗಿ, ಒಂದೊಂದೇ ವಾಕ್ಯ.

ಕುಮಾರ ಬೀಡಿಯನ್ನು ಹಚ್ಚದೆ ಬೆರಳ ನಡುವೆ ಹಿಡಿದುಕೊಂಡೇ ಕೇಳುತ್ತಿದ್ದ. ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ.

"ಏನಂತಾವ್ಳೆ, ಹೇಳ್ಲಾ ಟೀಚರ್?"

ಬೇಡ ಎಂದೆ.

ಭದ್ರಮ್ಮ